ಆಟದ ಪಾತ್ರ ಮತ್ತು ಅಭಿಮಾನಿಯ ಚಿತ್ರ: ಗಂಜೀಫಾದ ಎಲೆಯಿಂದ ಗಣಕದ ಪರದೆಯವರೆಗೆ

೧

ಬಾಗಲಕೋಟೆ ಜಿಲ್ಲೆಯ ಜಮಖಂಡಿ ತಾಲ್ಲೂಕಿಗೆ ಸೇರಿದ ಸಾವಳಗಿಯು ಜಮಖಂಡಿ ಮತ್ತು ವಿಜಯಪುರಗಳ ನಡುವಣ ಕೃಷ್ಣಾ ಸೀಮೆಯ ಊರು. ಅಂಥ ಊರಿನಿಂದ ಕಾಲೇಜಿಗೆ ಬರುವ ವಿದ್ಯಾರ್ಥಿಯ ಬಳಿ ಇಂದು ಪುಸ್ತಕದೊಡನೆ ಮೊಬೈಲ್ ಫೋನೂ ಇರುತ್ತದೆ. ಅದರಲ್ಲಿ ಅವನು ಆಟವಾಡುತ್ತಾನೆ. ಆಟದಲ್ಲಿ ಕಂಡ ಖಡ್ಗಧಾರಿಯಾದ ವೀರನನ್ನೋ, ರೆಕ್ಕೆಯುಳ್ಳ ಕನ್ಯೆಯನ್ನೋ, ಸರ್ಪಮುಖದ ಅಸುರನನ್ನೋ ಮೆಚ್ಚಿಕೊಂಡು, ಅದೇ ಪರದೆಯ ಮೇಲೆ ಬೆರಳಿನಿಂದ ಅದರ ಚಿತ್ರವನ್ನು ತಾನೇ ಬರೆಯುತ್ತಾನೆ. ಅನ್ಯರು ಕಲ್ಪಿಸಿದ ಪಾತ್ರವನ್ನು ಅದರ ಮೇಲಿನ ಮೆಚ್ಚುಗೆಯಿಂದಲೇ ಮತ್ತೆ ಚಿತ್ರಿಸುವ ಈ ಬಗೆಯನ್ನು ಅಭಿಮಾನಿಚಿತ್ರವೆಂದು ಕರೆಯಬಹುದು.

ಇಂಥ ಚಿತ್ರಗಳನ್ನು ಕಂಡಾಗ ಅಧ್ಯಾಪಕರಾದ ನಮ್ಮಲ್ಲಿ ಸಾಮಾನ್ಯವಾಗಿ ಎರಡು ಮಾತುಗಳು ಕೇಳಿಬರುತ್ತವೆ. ಇದು ಪರರ ಕಲ್ಪನೆಯ ನಕಲು, ಆದ್ದರಿಂದ ಕಲೆಯಲ್ಲ ಎಂಬುದು ಒಂದು. ಇದು ನಿನ್ನೆ ಮೊನ್ನೆ ಹೊರದೇಶದಿಂದ ಬಂದ ಹವ್ಯಾಸ, ನಮ್ಮ ಚಿತ್ರಪರಂಪರೆಗೂ ಇದಕ್ಕೂ ಸಂಬಂಧವಿಲ್ಲ ಎಂಬುದು ಮತ್ತೊಂದು. ಈ ಎರಡು ಅಭಿಪ್ರಾಯಗಳು ಇತಿಹಾಸದ ಪರೀಕ್ಷೆಯಲ್ಲಿ ನಿಲ್ಲುವುವೇ ಎಂಬುದನ್ನು ವಿಚಾರಿಸುವುದು ಪ್ರಸ್ತುತ ಲೇಖನದ ಉದ್ದೇಶ. ಆಟದ ಅದ್ಭುತ ಪಾತ್ರಗಳನ್ನು ಕೈಯಿಂದ ಬರೆಯುವ ಪದ್ಧತಿಗೆ ನಮ್ಮ ನಾಡಿನಲ್ಲಿ ದೀರ್ಘವಾದ ಚರಿತ್ರೆಯಿದೆ. ಆ ಚರಿತ್ರೆಯಲ್ಲಿ ವಿಜಯಪುರದ ಸೀಮೆಗೆ ಒಂದು ಸ್ಥಾನವೂ ಇದೆ.

೨

ಆ ಚರಿತ್ರೆಯ ಮುಖ್ಯ ಸಾಮಗ್ರಿಯೆಂದರೆ ಗಂಜೀಫಾ. ಇಂದು ಬಳಕೆಯಲ್ಲಿರುವ ಐವತ್ತೆರಡು ಎಲೆಗಳ ಇಸ್ಪೀಟು ಯೂರೋಪಿನಿಂದ ಬಂದುದು. ಅದು ರೂಢಿಯಾಗುವ ಮೊದಲು ಭಾರತದಲ್ಲಿ ಆಡುತ್ತಿದ್ದ ಎಲೆಯಾಟವೇ ಗಂಜೀಫಾ. ಇದರ ಎಲೆಗಳು ಹೆಚ್ಚಾಗಿ ದುಂಡಗಿದ್ದು, ಒಂದೊಂದೂ ಕೈಯಿಂದ ಬರೆದ ಚಿತ್ರವಾಗಿರುತ್ತಿತ್ತು. ಮೊಗಲ ದೊರೆ ಬಾಬರನು ೧೫೨೭ರಲ್ಲಿ ಸಿಂಧ್ ಪ್ರಾಂತದ ಶಾಹ ಹಸನನಿಗೆ, ಆತನಿಗೆ ಈ ಆಟದಲ್ಲಿ ಬಹಳ ಆಸೆಯಿದ್ದುದರಿಂದ, ಗಂಜೀಫಾ ಎಲೆಗಳನ್ನು ಕಳುಹಿಸಿದುದಾಗಿ ತನ್ನ ಆತ್ಮಚರಿತ್ರೆಯಲ್ಲಿ ಬರೆದಿದ್ದಾನೆ. ಭಾರತದಲ್ಲಿ ಈ ಆಟದ ಪ್ರಾಚೀನ ಉಲ್ಲೇಖಗಳಲ್ಲಿ ಇದು ಪ್ರಸಿದ್ಧವಾದುದು.

ಆಟದ ಪಾತ್ರಗಳ ವಿವರವಾದ ವರ್ಣನೆ ದೊರೆಯುವುದು ಹದಿನಾರನೆಯ ಶತಮಾನದ ಕೊನೆಯಲ್ಲಿ ಅಬುಲ್ ಫಜಲನು ರಚಿಸಿದ ಐನ್-ಇ-ಅಕ್ಬರಿಯಲ್ಲಿ. ಆತನು ವರ್ಣಿಸುವ ಕಟ್ಟಿನಲ್ಲಿ ಹನ್ನೆರಡು ಪಂಗಡಗಳು, ಪಂಗಡವೊಂದಕ್ಕೆ ಹನ್ನೆರಡು ಎಲೆಗಳು, ಒಟ್ಟು ೧೪೪. ಪ್ರತಿ ಪಂಗಡಕ್ಕೂ ಒಬ್ಬ ಅಧಿಪತಿ, ಒಬ್ಬ ಮಂತ್ರಿ, ಆಮೇಲೆ ಹತ್ತರಿಂದ ಒಂದರವರೆಗಿನ ಪರಿವಾರ. ಅಶ್ವಪತಿ, ಗಜಪತಿ, ನರಪತಿ, ಗಢಪತಿ, ಧನಪತಿ, ದಳಪತಿ, ನಾವೆಗಳ ಒಡೆಯನಾದ ನವಾಪತಿ, ಸ್ತ್ರೀರಾಜ್ಯದ ರಾಣಿ, ದೇವತೆಗಳ ಒಡೆಯನಾದ ಸುರಪತಿ, ಅಸುರಪತಿ, ವನಪತಿ, ಅಹಿಪತಿ ಎಂಬಿವರು ಆ ಹನ್ನೆರಡು ಮಂದಿ. ವನಪತಿಯ ಪರಿವಾರದಲ್ಲಿ ಕಾಡುಮೃಗಗಳಿವೆ. ಅಸುರಪತಿಯ ಪರಿವಾರದಲ್ಲಿ ಭೂತಗಣಗಳು. ಅಹಿಪತಿಯಲ್ಲಿ ಸರ್ಪದ ಮೇಲೆ ಸವಾರಿ ಮಾಡುವ ಸರ್ಪವೇ ಮಂತ್ರಿ. ಇಂದಿನ ಅದ್ಭುತ ಆಟಗಳಲ್ಲಿ ಕಾಣುವ ವೀರ, ಯಕ್ಷ, ಅಸುರ, ನಾಗಗಳ ಸಮೂಹವೆಲ್ಲವೂ ನಾನೂರು ವರ್ಷಗಳ ಹಿಂದಿನ ಈ ಒಂದು ಕಟ್ಟಿನಲ್ಲಿ ಅಡಗಿರುವುದನ್ನು ಓದುಗರು ಗಮನಿಸಬೇಕು.

ಇವರಲ್ಲಿ ಮೂರನೆಯವನಾದ ನರಪತಿಯು ನಮಗೆ ವಿಶೇಷವಾಗಿ ಸಂಬಂಧಪಟ್ಟವನು. ಅಶ್ವಪತಿಯನ್ನು ದಿಲ್ಲಿಯ ದೊರೆಗೂ ಗಜಪತಿಯನ್ನು ಒಡಿಶಾದ ಅರಸನಿಗೂ ಹೋಲಿಸುವ ಅಬುಲ್ ಫಜಲನು, ಕಾಲಾಳುಗಳ ಬಲವುಳ್ಳ ನರಪತಿಗೆ ವಿಜಾಪುರದ ದೊರೆಗಳನ್ನು ಉದಾಹರಣೆಯಾಗಿ ಕೊಡುತ್ತಾನೆ. ದಕ್ಷಿಣದ ಪರಂಪರೆಯಲ್ಲಿ ನರಪತಿ ಎಂಬುದು ವಿಜಯನಗರದ ಅರಸರಿಗೆ ಸಲ್ಲುತ್ತಿದ್ದ ಬಿರುದು. ೧೫೬೫ರ ಯುದ್ಧದಲ್ಲಿ ವಿಜಯನಗರವು ಸೋತ ಅನಂತರ, ಉತ್ತರದವರ ದೃಷ್ಟಿಯಲ್ಲಿ ಆ ಸ್ಥಾನವು ಆದಿಲಶಾಹಿ ದೊರೆಗಳಿಗೆ ಬಂದಿತೆಂದು ಊಹಿಸಬಹುದು. ಅದು ಹೇಗೇ ಇರಲಿ, ಸಾವಳಗಿಗೆ ಸಮೀಪದ ವಿಜಯಪುರದಲ್ಲಿ ಸಿಂಹಾಸನದ ಮೇಲಿದ್ದ ಅರಸನು, ಮೊಗಲರ ಆಸ್ಥಾನದಲ್ಲಿ ಎಲೆಯಾಟವೊಂದರ ಪಾತ್ರವನ್ನು ಗುರುತಿಸುವುದಕ್ಕೆ ಆಧಾರವಾದನೆಂಬುದು ಸ್ಪಷ್ಟ. ಆ ಎಲೆಯನ್ನು ಬರೆದ ಚಿತ್ರಕಾರನು ಆದಿಲಶಾಹನನ್ನು ಕಣ್ಣಾರೆ ಕಂಡಿರಬೇಕಾದ ಅವಶ್ಯಕತೆಯಿರಲಿಲ್ಲ. ಸಿಂಹಾಸನ, ಕಾಲುಮಣೆಯ ಮೇಲೆ ಕುಳಿತ ಮಂತ್ರಿ, ಕಾಲಾಳುಗಳು ಎಂಬ ಕೆಲವು ಕುರುಹುಗಳಿದ್ದರೆ ಆಡುವವನು ನರಪತಿಯನ್ನು ಗುರುತಿಸುತ್ತಿದ್ದನು. ಉಳಿದುದೆಲ್ಲವೂ ಚಿತ್ರಕಾರನ ಕಲ್ಪನೆಗೆ ಬಿಟ್ಟುದು.

ಇದೇ ಗ್ರಂಥದಲ್ಲಿ ಇನ್ನೊಂದು ಸಂಗತಿಯಿದೆ. ಅಕ್ಬರನು ತನಗೆ ಬಂದ ಎಲೆಗಳನ್ನು ಬಂದಂತೆಯೇ ಆಡದೆ, ಕೆಲವು ಪಾತ್ರಗಳನ್ನು ಮಾರ್ಪಡಿಸಿದನು. ಖಡ್ಗದ ಪಂಗಡದ ದೊರೆ ಕತ್ತಿಯ ಉಕ್ಕನ್ನು ಪರೀಕ್ಷಿಸುತ್ತಿರುವಂತೆಯೂ, ವಾದ್ಯದ ಪಂಗಡದ ದೊರೆ ಸಂಗೀತವನ್ನು ಕೇಳುತ್ತಿರುವಂತೆಯೂ ಹೊಸ ಚಿತ್ರಗಳು ಬಂದವು. ಸುಮ್ಮನೆ ಕುಳಿತಿದ್ದ ಪಾತ್ರಕ್ಕೆ ಒಂದು ಕಾರ್ಯವನ್ನು ಕೊಟ್ಟು ಅದನ್ನು ಸಜೀವಗೊಳಿಸಿದುದು ಇಲ್ಲಿಯ ವಿಶೇಷ. ಆಡುವವನೇ ಆಟದ ಪಾತ್ರವನ್ನು ತನ್ನ ಅಭಿರುಚಿಗೆ ತಕ್ಕಂತೆ ತಿದ್ದಿಸುವುದು ಇಂದಿನ ಹೊಸ ಚಾಪಲ್ಯವಲ್ಲವೆಂಬುದಕ್ಕೆ ಇಷ್ಟು ಸಾಕು.

೩

ನಕಲು ಎಂಬ ಮೊದಲನೆಯ ಆಕ್ಷೇಪಣೆಯನ್ನು ಈಗ ನೋಡೋಣ. ಇದಕ್ಕೆ ನಮ್ಮಲ್ಲಿ ಶಾಸ್ತ್ರದ ಆಧಾರವೇ ಉಂಟು. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಐದು ವಿಂಶತಿಗಳಿವೆ. ಮೂರನೆಯ ವಿಂಶತಿಯಲ್ಲಿ ಚಿತ್ರಕರ್ಮವನ್ನೂ, ಐದನೆಯದರಲ್ಲಿ ನಾನಾ ಕ್ರೀಡೆಗಳನ್ನೂ ಹೇಳಿದೆ. ಚಿತ್ರವೂ ಆಟವೂ ಒಂದೇ ಗ್ರಂಥದೊಳಗೆ ಅರಸನು ತಿಳಿಯಬೇಕಾದ ವಿದ್ಯೆಗಳಾಗಿ ನಿಂತಿರುವುದು ಗಮನಾರ್ಹ.

ಸೋಮೇಶ್ವರನು ಚಿತ್ರಗಳನ್ನು ವಿಂಗಡಿಸುವಾಗ ವಿದ್ಧವೆಂದೂ ಅವಿದ್ಧವೆಂದೂ ಎರಡು ಬಗೆಗಳನ್ನು ಹೇಳುತ್ತಾನೆ. ಕನ್ನಡಿಯಲ್ಲಿ ಕಾಣುವ ಪ್ರತಿಬಿಂಬದಂತೆ ಮೂಲವನ್ನು ಪೂರ್ಣವಾಗಿ ಹೋಲುವುದು ವಿದ್ಧ. ಮನಸ್ಸಿಗೆ ಹೊಳೆದಂತೆ ಬರೆದು, ಆಕಾರಮಾತ್ರದಿಂದಲೇ ಗುರುತು ಸಿಗುವುದು ಅವಿದ್ಧ. ಇವಲ್ಲದೆ ರಸವನ್ನು ಎತ್ತಿ ತೋರಿಸುವ ಭಾವಚಿತ್ರವನ್ನೂ ಹೇಳಿದ್ದಾನೆ. ಈ ವಿಂಗಡಣೆಯನ್ನು ಅಭಿಮಾನಿಚಿತ್ರಗಳಿಗೆ ಹೊಂದಿಸಿ ನೋಡಿದರೆ ನಮ್ಮ ಚರ್ಚೆ ಬಹಳ ಮಟ್ಟಿಗೆ ತಿಳಿಯಾಗುತ್ತದೆ. ಆಟದ ಪರದೆಯ ಮೇಲಿನ ರೂಪವನ್ನು ಗೆರೆ ತಪ್ಪದೆ ಇಳಿಸಿಕೊಂಡುದು ವಿದ್ಧ. ಅಭ್ಯಾಸಕ್ಕೆ ಅದು ಬೇಕು. ಅದೇ ಪಾತ್ರವನ್ನು ಆಟದಲ್ಲಿಲ್ಲದ ಭಂಗಿಯಲ್ಲಿ, ಆಟದಲ್ಲಿಲ್ಲದ ಹೊತ್ತಿನಲ್ಲಿ, ಯುದ್ಧವಾದ ಮೇಲೆ ಆಯುಧವನ್ನು ಕೆಳಗಿಟ್ಟು ದಣಿದು ಕುಳಿತಂತೆ ಬರೆದುದು ಅವಿದ್ಧ. ಆ ದಣಿವನ್ನು ಕಂಡು ನೋಡುವವನಲ್ಲಿ ಕರುಣೆ ಹುಟ್ಟಿದರೆ ಅದು ಭಾವಚಿತ್ರ. ಎಲ್ಲವನ್ನೂ ನಕಲು ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕುವುದು ಎಂಟುನೂರು ವರ್ಷಗಳ ಹಿಂದಿನ ಶಾಸ್ತ್ರಕಾರನು ತೋರಿಸಿದ ವಿವೇಚನೆಯನ್ನೂ ನಾವು ತೋರಿಸದೆ ಹೋದಂತೆ.

೪

ಕನ್ನಡನಾಡಿನಲ್ಲಿ ಗಂಜೀಫಾದ ಅತ್ಯಂತ ವಿಸ್ತಾರವಾದ ಬೆಳವಣಿಗೆಯನ್ನು ನೋಡಲು ಕೃಷ್ಣಾತೀರವನ್ನು ಬಿಟ್ಟು ಮೈಸೂರಿಗೆ ಹೋಗಬೇಕು. ಅದಕ್ಕೆ ಮುಂಚೆ ದಶಾವತಾರ ಗಂಜೀಫಾದ ವಿಚಾರವನ್ನು ಸಂಕ್ಷೇಪವಾಗಿ ಹೇಳುವುದು ಅವಶ್ಯಕ. ಮೊಗಲರ ಕಾಲದಿಂದ ಹೆಚ್ಚು ಪ್ರಚಾರದಲ್ಲಿದ್ದುದು ಎಂಟು ಪಂಗಡಗಳ ೯೬ ಎಲೆಗಳ ಕಟ್ಟು. ಹಿಂದೂ ಸಮಾಜದಲ್ಲಿ ಇದರ ಸ್ಥಾನದಲ್ಲಿ ವಿಷ್ಣುವಿನ ಹತ್ತು ಅವತಾರಗಳನ್ನು ಹತ್ತು ಪಂಗಡಗಳನ್ನಾಗಿ ಮಾಡಿದ ೧೨೦ ಎಲೆಗಳ ಕಟ್ಟು ಬಂದಿತು. ಮತ್ಸ್ಯಾವತಾರದ ಪಂಗಡಕ್ಕೆ ಮೀನು, ಕೂರ್ಮಕ್ಕೆ ಆಮೆ, ವಾಮನನಿಗೆ ಕಮಂಡಲು, ಪರಶುರಾಮನಿಗೆ ಕೊಡಲಿ ಎಂಬಂತೆ ಒಂದೊಂದಕ್ಕೂ ಒಂದು ಕುರುಹು. ಹಗಲಿನಲ್ಲಿ ಆಡಿದರೆ ರಾಮನ ಎಲೆಯುಳ್ಳವನೂ ರಾತ್ರಿಯಾದರೆ ಕೃಷ್ಣನ ಎಲೆಯುಳ್ಳವನೂ ಆಟವನ್ನು ಆರಂಭಿಸಬೇಕು. ಅರ್ಧ ಪಂಗಡಗಳಲ್ಲಿ ಹತ್ತು ದೊಡ್ಡದಾದರೆ ಉಳಿದರ್ಧದಲ್ಲಿ ಒಂದೇ ದೊಡ್ಡದು. ಇಷ್ಟು ತೊಡಕಿನ ಆಟದಲ್ಲಿ ಎಲೆಯನ್ನು ಕಂಡ ಕ್ಷಣವೇ ಪಾತ್ರದ ಗುರುತು ಹತ್ತಬೇಕಾಗಿತ್ತು. ಆದುದರಿಂದ ಅಂಗೈಯಲ್ಲಿ ಅಡಗುವ ದುಂಡು ಎಲೆಯ ಮೇಲೆ ಲಕ್ಷಣವು ತಪ್ಪದಂತೆ, ಅಂದವೂ ಕೆಡದಂತೆ ಬರೆಯುವುದೇ ಚಿತ್ರಕಾರನ ಕೌಶಲವಾಯಿತು.

ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (೧೭೯೪–೧೮೬೮) ಈ ಆಟವನ್ನು ಬೇರೊಂದು ಎತ್ತರಕ್ಕೆ ಒಯ್ದರು. ೧೮೩೧ರಲ್ಲಿ ಆಡಳಿತವು ಬ್ರಿಟಿಷರ ವಶವಾದ ಅನಂತರ ಅವರ ಆಸ್ಥಾನವು ವಿದ್ಯೆ ಕಲೆಗಳಿಗೆ ಆಶ್ರಯವಾಯಿತು. ಅವರ ಹೆಸರಿನಲ್ಲಿರುವ ಶ್ರೀತತ್ತ್ವನಿಧಿಯಲ್ಲಿ ಒಂಬತ್ತು ನಿಧಿಗಳಿವೆ. ಶಕ್ತಿನಿಧಿ, ವಿಷ್ಣುನಿಧಿ, ಶಿವನಿಧಿ ಮೊದಲಾದವುಗಳಲ್ಲಿ ದೇವತೆಗಳ ಬಣ್ಣ, ಕೈಗಳ ಸಂಖ್ಯೆ, ಆಯುಧ, ವಾಹನಗಳನ್ನು ಹೇಳುವ ಧ್ಯಾನಶ್ಲೋಕಗಳೂ ಚಿತ್ರಗಳೂ ಇವೆ. ಕೊನೆಯದಾದ ಕೌತುಕನಿಧಿಯು ಆಟಗಳಿಗೆ ಮೀಸಲು. ಎಲೆಯೆಂಬ ಅರ್ಥದ ಛದವೆಂಬ ಹೆಸರಿನಿಂದ ಹದಿಮೂರು ಬಗೆಯ ಎಲೆಯಾಟಗಳನ್ನು ಅದರಲ್ಲಿ ವಿವರಿಸಲಾಗಿದೆ. ಇವುಗಳಲ್ಲಿ ಅತ್ಯಂತ ದೊಡ್ಡದಕ್ಕೆ ೧೮ ಪಂಗಡಗಳು, ೩೬೦ ಎಲೆಗಳು. ದೇವಲಕ್ಷಣವನ್ನು ಹೇಳುವ ಗ್ರಂಥವೇ ಆಟದ ಪಾತ್ರಗಳನ್ನೂ ನಿರೂಪಿಸುವುದರಿಂದ, ಚಿತ್ರಗಾರನಿಗೆ ಲಕ್ಷಣವು ಗ್ರಂಥದಿಂದ ದೊರೆಯುತ್ತಿತ್ತು. ಮುಖದ ಭಾವ, ಉಡುಗೆಯ ಮಡಿಕೆ, ಅಂಚಿನ ಬಳ್ಳಿ ಇವು ಅವನ ಸ್ವಂತದವು. ಮುಮ್ಮಡಿಯವರು ಸ್ವತಃ ಆಟಗಳಲ್ಲಿ ಆಸಕ್ತರಾಗಿದ್ದು ಹೊಸ ಆಟಗಳನ್ನೇ ಕಲ್ಪಿಸಿದರು. ಆಡುವವನೂ ಪಾತ್ರವನ್ನು ರೂಪಿಸುವವನೂ ಇಲ್ಲಿ ಬೇರೆ ಬೇರೆಯಲ್ಲ.

೫

ಇಷ್ಟು ಅರಮನೆಗಳ ಮಾತಾಯಿತು. ಸಾವಳಗಿಯ ಸೀಮೆಯ ಮನೆಗಳಲ್ಲಿ ಇದಕ್ಕೆ ಹೋಲಿಕೆಯಾಗಿ ಏನಿದೆಯೆಂದು ಕೇಳಿದರೆ ಕಸೂತಿಯನ್ನು ತೋರಿಸಬಹುದು. ಧಾರವಾಡ, ಬೆಳಗಾವಿ, ವಿಜಯಪುರ, ಬಾಗಲಕೋಟೆಗಳ ಕಡೆಯ ಹೆಂಗಸರು ಬಟ್ಟೆಯ ಮೇಲೆ ಮುಂಚಿತವಾಗಿ ಗೆರೆ ಎಳೆಯದೆ, ಎಳೆಗಳನ್ನು ಎಣಿಸಿ ಗವಂತಿ, ಮುರ್ಗಿ, ನೇಯ್ಗೆ, ಮೆಂತೆ ಎಂಬ ಹೊಲಿಗೆಗಳಿಂದ ಗೋಪುರ, ತೇರು, ಆನೆ, ನವಿಲು, ತುಳಸಿಕಟ್ಟೆಗಳನ್ನು ಮೂಡಿಸುತ್ತ ಬಂದಿದ್ದಾರೆ. ಎಳೆಯ ಲೆಕ್ಕಕ್ಕೆ ಕಟ್ಟುಬಿದ್ದ ಈ ಕೆಲಸದಲ್ಲಿ ಆನೆಯ ಬೆನ್ನಿನ ಬಾಗು ಮೆಟ್ಟಿಲು ಮೆಟ್ಟಿಲಾಗಿಯೇ ಬರಬೇಕು. ಆದರೂ ಅದು ಆನೆಯೆಂಬುದರಲ್ಲಿ ಯಾರಿಗೂ ಸಂದೇಹ ಬರುವುದಿಲ್ಲ. ಗೋಪುರದ ಮಾದರಿ ಎಲ್ಲರದು. ಆದರೆ ಒಬ್ಬಾಕೆಯ ಕೈಯ ಗೋಪುರ ಮತ್ತೊಬ್ಬಾಕೆಯದಾಗದು.

ಗಣಕದ ಪರದೆಯೂ ಇಂಥದೇ ಎಣಿಕೆಯ ಚೌಕಗಳಿಂದ ಆದುದು. ಆ ಚೌಕವೊಂದನ್ನು ಪಿಕ್ಸೆಲ್ ಎನ್ನುತ್ತಾರೆ. ಮೊದಲ ಕಾಲದ ಆಟಗಳಲ್ಲಿ ಒಂದು ಪಾತ್ರಕ್ಕೆ ಸಿಗುತ್ತಿದ್ದ ಚೌಕಗಳು ಬಹಳ ಕಡಮೆ. ೧೯೮೧ರಲ್ಲಿ ಜಪಾನಿನ ನಿಂಟೆಂಡೊ ಸಂಸ್ಥೆಯ ಡಾಂಕಿ ಕಾಂಗ್ ಆಟಕ್ಕಾಗಿ ಶಿಗೆರು ಮಿಯಮೊಟೊ ಅವರು ಮುಂದೆ ಮಾರಿಯೊ ಎಂದು ಪ್ರಸಿದ್ಧನಾದ ಪಾತ್ರವನ್ನು ರೂಪಿಸಿದಾಗ, ಬಾಯಿಯನ್ನು ಬರೆಯಲು ಸ್ಥಳವಿಲ್ಲದೆ ಮೀಸೆಯನ್ನೂ, ಕೂದಲನ್ನು ತೋರಿಸುವ ತೊಂದರೆಯನ್ನು ತಪ್ಪಿಸಲು ಟೊಪ್ಪಿಗೆಯನ್ನೂ ಇಟ್ಟರು. ಸ್ಥಳದ ಅಭಾವದಿಂದ ಹುಟ್ಟಿದ ಮೀಸೆ ಟೊಪ್ಪಿಗೆಗಳೇ ಆ ಪಾತ್ರದ ಲಕ್ಷಣಗಳಾಗಿ ನಿಂತವು. ದುಂಡು ಎಲೆಯ ಮೇಲೆ ಕೊಡಲಿಯೊಂದೇ ಪರಶುರಾಮನನ್ನು ಸೂಚಿಸಿದುದಕ್ಕೂ ಇದಕ್ಕೂ ಕಾರಣ ಒಂದೇ.

೬

ಇನ್ನು ಇಂದಿನ ಅಭಿಮಾನಿಚಿತ್ರವು ಸಿದ್ಧವಾಗುವ ಕ್ರಮವನ್ನು ನೋಡೋಣ. ೧೯೮೬ರಲ್ಲಿ ಪ್ರಕಟವಾದ ದಿ ಲೆಜೆಂಡ್ ಆಫ್ ಜೆಲ್ಡಾ ಎಂಬ ಅದ್ಭುತ ಆಟದ ನಾಯಕನಾದ ಲಿಂಕ್‌ನನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಹಸುರು ಅಂಗಿ, ಉದ್ದನೆಯ ಟೊಪ್ಪಿಗೆ, ಚೂಪು ಕಿವಿ, ಕತ್ತಿ, ಗುರಾಣಿ ಇವು ಅವನ ಲಕ್ಷಣಗಳೆಂದು ರೂಢಿಯಾದವು. ೨೦೧೭ರ ಬ್ರೆತ್ ಆಫ್ ದಿ ವೈಲ್ಡ್ ಆಟದಲ್ಲಿ ಅವನ ಮುಖ್ಯ ಉಡುಗೆ ನೀಲಿಯಾಯಿತು, ಟೊಪ್ಪಿಗೆ ಹೋಯಿತು. ಆದರೂ ಕಿವಿ, ಕತ್ತಿ, ಗುರಾಣಿಗಳಿಂದ ಗುರುತು ಉಳಿಯಿತು. ಯಾವ ಲಕ್ಷಣವನ್ನು ಬಿಟ್ಟರೆ ಪಾತ್ರವು ಕೆಡುತ್ತದೆ, ಯಾವುದನ್ನು ಬದಲಿಸಿದರೂ ನಿಲ್ಲುತ್ತದೆ ಎಂಬ ವಿವೇಕವೇ ಅಭಿಮಾನಿ ಚಿತ್ರಕಾರನ ಮೊದಲ ಪಾಠ.

ಆಮೇಲಿನದು ಕೈಕೆಲಸ. ಗಂಜೀಫಾದ ಎಲೆಗೆ ಬಟ್ಟೆ ಅಥವಾ ಕಾಗದದ ಪದರಗಳನ್ನು ಹುಣಸೆಬೀಜದ ಅಂಟಿನಿಂದ ಕೂಡಿಸಿ, ಬಿಳಿಯ ಲೇಪ ಕೊಟ್ಟು, ನೆಲದ ಬಣ್ಣ ಹಚ್ಚಿ, ಮೇಲೆ ಆಕೃತಿ ಬರೆದು, ಕೊನೆಯಲ್ಲಿ ಅರಗಿನ ಹೊಳಪು ಕೊಡುತ್ತಿದ್ದರು. ಗಣಕದಲ್ಲಿಯೂ ಪದರಗಳುಂಟು. ಕೆಳಗಿನದರಲ್ಲಿ ಕಚ್ಚಾ ಗೆರೆ, ಅದರ ಮೇಲೆ ತಿದ್ದಿದ ಗೆರೆ, ಮತ್ತೊಂದರಲ್ಲಿ ಬಣ್ಣ, ಇನ್ನೊಂದರಲ್ಲಿ ನೆರಳು ಬೆಳಕು. ೧೯೯೦ರಲ್ಲಿ ಬಂದ ಫೋಟೊಶಾಪ್ ತಂತ್ರಾಂಶಕ್ಕೆ ೧೯೯೪ರಲ್ಲಿ ಈ ಪದರಗಳ ಸೌಲಭ್ಯವು ಸೇರಿತು. ಈಗ ಹಣ ಕೊಡದೆ ಪಡೆಯಬಹುದಾದ ಕ್ರಿಟಾದಂಥ ತಂತ್ರಾಂಶಗಳಲ್ಲಿಯೂ ಅದು ಇದೆ. ಒಂದು ಪದರವನ್ನು ಅಳಿಸಿದರೆ ಉಳಿದವು ಕೆಡುವುದಿಲ್ಲ, ತಪ್ಪಿದರೆ ಹಿಂದಿರುಗಬಹುದು. ಎಲೆಯ ಚಿತ್ರಗಾರನಿಗೆ ಈ ಅನುಕೂಲವಿರಲಿಲ್ಲ. ಆದರೆ ಎಲ್ಲಿ ನಿಲ್ಲಿಸಬೇಕೆಂಬುದನ್ನು ಎಲೆಯು ಅವನಿಗೆ ಕಲಿಸುತ್ತಿತ್ತು. ಆ ಶಿಕ್ಷಣವನ್ನು ಪರದೆಯು ತಾನಾಗಿ ಕೊಡಲಾರದು. ಅದನ್ನು ಅಧ್ಯಾಪಕನು ಕೊಡಬೇಕು.

ಹಳತು ಹೊಸತುಗಳ ಸಾಮ್ಯವನ್ನು ಹೇಳುವಾಗ ಭೇದವನ್ನು ಮುಚ್ಚಿಡಬಾರದು. ಎಲೆಯ ಚಿತ್ರಗಾರನಿಗೆ ಅದು ಜೀವನೋಪಾಯ. ಅಭಿಮಾನಿಗೆ ಬಹುಮಟ್ಟಿಗೆ ಪ್ರೀತಿಯ ಕೆಲಸ. ನರಪತಿಗೂ ನರಸಿಂಹನಿಗೂ ಒಡೆಯರಿರಲಿಲ್ಲ. ಇಂದಿನ ಆಟದ ಪಾತ್ರಕ್ಕೆ ಇದ್ದಾರೆ. ೧೯೫೭ರ ಭಾರತದ ಕೃತಿಸ್ವಾಮ್ಯ ಕಾಯಿದೆಯು ಕೃತಿಯ ಪ್ರತಿ ಮಾಡುವ ಮತ್ತು ಅದನ್ನು ರೂಪಾಂತರಿಸುವ ಹಕ್ಕನ್ನು ಸ್ವಾಮ್ಯವುಳ್ಳವರಿಗೆ ಕೊಟ್ಟು, ಖಾಸಗಿ ಉಪಯೋಗ, ಸಂಶೋಧನೆ, ವಿಮರ್ಶೆಗಳಿಗಾಗಿ ಮಾಡುವ ನ್ಯಾಯವಾದ ಬಳಕೆಗೆ ವಿನಾಯಿತಿ ಕೊಟ್ಟಿದೆ. ಅಭ್ಯಾಸಕ್ಕಾಗಿ ಬರೆಯುವುದಕ್ಕೂ ಮಾರಾಟಕ್ಕಾಗಿ ಬರೆಯುವುದಕ್ಕೂ ಇರುವ ಅಂತರವನ್ನು ವಿದ್ಯಾರ್ಥಿಗೆ ತಿಳಿಸುವುದು ನಮ್ಮ ಕರ್ತವ್ಯ. ಮೂಲಪಾತ್ರವನ್ನು ರೂಪಿಸಿದವರ ಹೆಸರನ್ನು ಚಿತ್ರದೊಡನೆ ಬರೆಯುವ ಸೌಜನ್ಯವನ್ನೂ ಕಲಿಸಬೇಕು.

೭

ಈ ವಿಷಯವನ್ನು ಸಂಶೋಧನ ಪತ್ರಿಕೆಯಲ್ಲಿ ಎತ್ತಿಕೊಳ್ಳಲು ಇರುವ ಮುಖ್ಯ ಕಾರಣವನ್ನು ಈಗ ಹೇಳಬೇಕು. ಅಚ್ಚಿನ ಇಸ್ಪೀಟು ಅಗ್ಗವಾಗಿ ದೊರೆತ ಮೇಲೆ ಗಂಜೀಫಾ ಹಿಂದೆ ಸರಿಯಿತು. ಮೈಸೂರಿನ ಛದದಾಟಗಳು ಅರಮನೆಯ ಹೊರಗೆ ಹಬ್ಬಲೇ ಇಲ್ಲ. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಸಾವಂತವಾಡಿಯ ರಾಜಮನೆತನದವರು ತಮ್ಮಲ್ಲಿಯ ಗಂಜೀಫಾ ಚಿತ್ರಣಕ್ಕೆ ಮತ್ತೆ ಜೀವ ಕೊಟ್ಟರು. ಮೈಸೂರು ಶೈಲಿಯನ್ನು ರಘುಪತಿ ಭಟ್ಟರು ಪುನಃ ಬಳಕೆಗೆ ತಂದರು. ಮೈಸೂರಿನ ಗಂಜೀಫಾ ಎಲೆಗಳಿಗೆ ಭೌಗೋಳಿಕ ಗುರುತಿನ ನೋಂದಣಿಯೂ ದೊರೆಯಿತು. ಇವೆಲ್ಲವೂ ಶ್ಲಾಘನೀಯ. ಆದರೆ ಉಳಿದುದು ಚಿತ್ರ, ಹೋದುದು ಆಟ. ಬಿಡಿಯಾದ ಎಲೆಯೊಂದು ಇಂದು ಗಾಜಿನ ಹಿಂದೆ ಅಲಂಕಾರವಾಗಿ ನಿಂತಿದೆ. ಅದನ್ನು ಹಿಡಿದು ಆಡಿದವನು ಯಾವ ಪಾತ್ರವನ್ನು ಮೆಚ್ಚಿದನು, ಏಕೆ ಮೆಚ್ಚಿದನು, ಬರೆದವನ ಹೆಸರೇನು ಎಂಬುದನ್ನು ಆ ಎಲೆಯು ಹೇಳುವುದಿಲ್ಲ. ನಿಯಮಗಳು ಗ್ರಂಥದಲ್ಲಿ ಉಳಿದವು. ಆಡಿದವರ ಮಾತು ಉಳಿಯಲಿಲ್ಲ.

ಗಣಕದ ಆಟಗಳ ಗತಿ ಇದಕ್ಕಿಂತ ಬೇಗ ಸಾಗುತ್ತದೆ. ೧೯೯೯ರಲ್ಲಿ ಆರಂಭವಾದ ಆಶೆರಾನ್ಸ್ ಕಾಲ್ ಎಂಬ ಅದ್ಭುತ ಆಟವನ್ನು ೨೦೧೭ರ ಜನವರಿಯಲ್ಲಿ ಅದರ ಒಡೆಯರು ನಿಲ್ಲಿಸಿದರು. ೨೦೨೦ರ ಕೊನೆಯಲ್ಲಿ ಫ್ಲಾಶ್ ತಂತ್ರಾಂಶಕ್ಕೆ ಬೆಂಬಲ ನಿಂತಾಗ ಅದನ್ನು ಅವಲಂಬಿಸಿದ್ದ ಅಸಂಖ್ಯ ಸಣ್ಣ ಆಟಗಳು ಎಂದಿನಂತೆ ಆಡಲು ಬಾರದಾದವು. ಎಲೆಗಳಾದರೋ ಪೆಟ್ಟಿಗೆಯಲ್ಲಿ ನೂರು ವರ್ಷ ಉಳಿದಾವು. ನಿಂತುಹೋದ ಆಟದಲ್ಲಿ ಆಡುವವನಿಗೆ ಕೈಗೆ ಸಿಗುವುದು ಏನೂ ಇಲ್ಲ. ಅಂಥ ಸಂದರ್ಭದಲ್ಲಿ ಪಾತ್ರವು ಹೇಗಿತ್ತು, ಆಡಿದವರಿಗೆ ಹೇಗೆ ಕಂಡಿತು ಎಂಬುದಕ್ಕೆ ಅಭಿಮಾನಿಯ ಚಿತ್ರವು ಮುಖ್ಯವಾದ ಸಾಕ್ಷ್ಯವಾಗುತ್ತದೆ. ಆದ್ದರಿಂದ ಅದು ಕಲೆಯೋ ಅಲ್ಲವೋ ಎಂಬ ಚರ್ಚೆ ಮುಗಿಯುವವರೆಗೆ ಇತಿಹಾಸಕಾರನು ಕಾಯಬೇಕಾಗಿಲ್ಲ. ಅದು ದಾಖಲೆಯೆಂಬುದು ನಿರ್ವಿವಾದ.

ಆದರೆ ಈ ದಾಖಲೆಯೂ ಅಸ್ಥಿರವಾದುದು. ಫೋನು ಒಡೆದರೆ, ಗುಪ್ತಪದ ಮರೆತರೆ ಚಿತ್ರವು ಹೋಯಿತು. ಕರ್ನಾಟಕ ಸರ್ಕಾರವು ೨೦೧೨ರಿಂದ ಅನಿಮೇಷನ್ ಮತ್ತು ಗಣಕದ ಆಟಗಳ ಉದ್ಯಮಕ್ಕಾಗಿ ಪ್ರತ್ಯೇಕ ನೀತಿಯನ್ನು ರೂಪಿಸಿದೆ. ಅದು ಉದ್ಯಮದ ಮಾತು. ಸಾವಳಗಿಯಂಥ ಊರಿನ ವಿದ್ಯಾರ್ಥಿಯ ಚಿತ್ರವನ್ನು ಕಾಯುವ ಕೆಲಸವು ಅವನ ಕಾಲೇಜಿನದು. ಇದಕ್ಕೆ ಹೆಚ್ಚಿನ ವೆಚ್ಚ ಬೇಕಾಗಿಲ್ಲ. ಚಿತ್ರದ ಒಂದು ಪ್ರತಿ, ಬರೆದ ದಿನ, ಆಟದ ಮತ್ತು ಪಾತ್ರದ ಹೆಸರು, ಬಳಸಿದ ಉಪಕರಣ, ಪಾತ್ರದಲ್ಲಿ ಏನನ್ನು ಉಳಿಸಿಕೊಂಡೆ, ಏನನ್ನು ಬದಲಿಸಿದೆ, ಏಕೆ ಎಂದು ವಿದ್ಯಾರ್ಥಿಯೇ ಕನ್ನಡದಲ್ಲಿ ಬರೆದ ನಾಲ್ಕು ಸಾಲು, ಇಷ್ಟನ್ನು ಅವನ ಒಪ್ಪಿಗೆಯಿಂದ ಗ್ರಂಥಾಲಯದಲ್ಲಿ ಇರಿಸಿದರೆ ಸಾಕು. ಕೊನೆಯ ನಾಲ್ಕು ಸಾಲುಗಳೇ ಇವುಗಳಲ್ಲಿ ಮುಖ್ಯವಾದುವು. ಗಂಜೀಫಾದ ವಿಷಯದಲ್ಲಿ ನಮಗೆ ದೊರೆಯದೆ ಹೋದುವು ಅವೇ.

ವಿಜಯಪುರದ ದೊರೆಯನ್ನು ನೆನಪಿಗೆ ತರುವ ನರಪತಿಯ ಎಲೆಯನ್ನು ಬರೆದ ಕೈ ಯಾರದೆಂದು ಅಬುಲ್ ಫಜಲನು ಬರೆದಿಡಲಿಲ್ಲ. ಆತನಿಗೆ ಅರಸನು ಮುಖ್ಯನಾಗಿದ್ದನು, ಚಿತ್ರಗಾರನಲ್ಲ. ಮುಂದೆ ಈ ಕಾಲದ ಚರಿತ್ರೆಯನ್ನು ಬರೆಯುವವರು ನಮ್ಮ ತರಗತಿಯ ಹುಡುಗನ ಅಥವಾ ಹುಡುಗಿಯ ಚಿತ್ರವನ್ನು ಕಂಡಾಗ, ಅದರ ಕೆಳಗೆ ಊರಿನ ಹೆಸರನ್ನೂ ಬರೆದವರ ಹೆಸರನ್ನೂ ಓದುವಂತಾಗಬೇಕು. ಈ ಕೆಲಸವನ್ನು ಕೈಗೊಳ್ಳುವ ಅಧ್ಯಾಪಕರು ತಮ್ಮ ಸಂಗ್ರಹದ ವಿವರಗಳನ್ನು ವಿಭಾಗಕ್ಕೆ ತಿಳಿಸಿದರೆ, ಮುಂದಿನ ಸಂಶೋಧಕರಿಗೆ ಬಹಳ ಉಪಕಾರವಾದೀತು.